ಬುತ್ತಿ ಕಟ್ಟಿದವಳು ಮನೆಯಲ್ಲಿ

ಇಳಕಲ್ ಸೀರೆಯನ್ನು ಕಾಲಗಂಟಿನಿಂದ ಗೇಣು ಮೇಲಕ್ಕೆ ಎತ್ತಿ ಸಿಕ್ಕಿಸಿ, ಅದರ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು ತೊಟ್ಟು ನಮ್ಮ ಬೀಗಿತ್ತಿ ಬಳ್ಳಾರಿಯ ಸತ್ಯನಾರಾಯಣಪೇಟೆಯ ನಮ್ಮ ಓಣಿಗೆ ಕಾಲಿಟ್ಟರೆ, ಸೊಪ್ಪಿನ ಗಾಡಿಯವನು ತೂಕ ಮಾಡುವುದನ್ನು ಬಿಟ್ಟು ಅವರ ಕಾಲು ನೋಡುತ್ತಿದ್ದ. ಬೂಟು ಸುಣ್ಣ ಹೊಡೆದ ಗೋಡೆಯಷ್ಟು ಬೆಳ್ಳಗೆ. ಕೊರಳಲ್ಲಿ ಒಂದೆಳೆ ಸರ, ಅದರ ಪಕ್ಕಕ್ಕೆ ಕರಿ ದಾರದಲ್ಲಿ ಕಟ್ಟಿದ ಸೀಟಿ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್ ಆಗಿದ್ದವರು. ಶಾಲೆ ಅವರನ್ನು ಬಿಟ್ಟಿತ್ತು, ಸೀಟಿಯನ್ನು ಅವರು ಬಿಟ್ಟಿರಲಿಲ್ಲ.

ನನ್ನ ಮಗಳ ಅತ್ತೆ ಅವರು. ಅವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸತ್ತವರ ಬಗ್ಗೆ ಬರೆಯಲು ಕೂತರೆ ಬರೆಯುವವರೂ ಒಳ್ಳೆಯವರಾಗುತ್ತಾರೆ, ಸತ್ತವರೂ ಒಳ್ಳೆಯವರಾಗುತ್ತಾರೆ. ನನಗೆ ಅಷ್ಟು ಬೇಗ ಒಳ್ಳೆಯವಳಾಗಲು ಬರುವುದಿಲ್ಲ. 'ಅವರು, ಇವರು' ಅಂತ ಬಹುವಚನದಲ್ಲಿ ಬರೆಯುತ್ತಿರುವುದು ಕೂಡ ಪ್ರೀತಿಗಲ್ಲ. ಗಂಡಿನ ಕಡೆಯವರು, ನಾಲಿಗೆಗೆ ರೂಢಿಯಾಗಿಬಿಟ್ಟಿದೆ.

ಮದುವೆಯ ದಿನವೇ ಅವರ ಗುಣ ಗೊತ್ತಾಗಿತ್ತು. ತಮ್ಮನ್ನು ಎರಡನೇ ಪಂಕ್ತಿಗೆ ಕರೆದರೆಂದು ಮುನಿಸಿಕೊಂಡು ಛತ್ರದ ಮೆಟ್ಟಿಲ ಮೇಲೆ ಹೋಗಿ ಕೂತರು. ಗಂಡಿನ ಕಡೆಯವರ ಮುನಿಸು ಅಂದರೆ ನಮ್ಮಲ್ಲಿ ಅದೊಂದು ಶಾಸ್ತ್ರವೇ. ತಟ್ಟೆಯಲ್ಲಿ ಕುಬಸದ ಖಣ, ತೆಂಗಿನಕಾಯಿ ಇಟ್ಟುಕೊಂಡು ಹೆಣ್ಣಿನ ಕಡೆಯವರು ಹೋಗಬೇಕು, 'ತಪ್ಪಾತ್ರಿ, ಊಟಕ್ಕ ಏಳ್ರಿ' ಅಂತ ಕೈಮುಗಿಯಬೇಕು. ನನ್ನ ಯಜಮಾನರು ಯಾರಿಗೂ ಏರುದನಿಯಲ್ಲಿ ಮಾತಾಡಿದವರಲ್ಲ. ಅವತ್ತು ಸುಡುವ ಮೆಟ್ಟಿಲ ಮೇಲೆ ಬರಿಗಾಲಲ್ಲಿ ನಿಂತು ಕೈಮುಗಿದರು. ಈಯಮ್ಮ ಖಣದ ಬಣ್ಣ ನೋಡಿ, ಕಾಯಿ ಅಲ್ಲಾಡಿಸಿ ನೀರಿದೆಯೋ ಇಲ್ಲವೋ ಕೇಳಿಸಿಕೊಂಡು, ಆಮೇಲೆ ಎದ್ದರು. ಅವತ್ತಿನ ಸಿಟ್ಟು ನನಗೆ ಇವತ್ತಿಗೂ ಇದೆ.

ನಾನು ಅಂಚೆ ಕಚೇರಿಯ ಕೌಂಟರಿನಿಂದ ನಿವೃತ್ತಳಾದೆ, ಅವರು ಅದಕ್ಕೂ ಮೊದಲೇ ಶಾಲೆಯಿಂದ. ಆ ಹೊತ್ತಿಗೆ ಇಬ್ಬರ ಯಜಮಾನರೂ ತೀರಿಕೊಂಡಿದ್ದರು. ಮನೆಯಲ್ಲಿ ಕಾಲು ಚಾಚಿ, ಮಧ್ಯಾಹ್ನ ಧಾರಾವಾಹಿ ನೋಡಿಕೊಂಡು ಇರೋಣ ಅಂತ ನನ್ನ ಆಸೆ. ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆಯಾಯಿತು ನೋಡಿ, ನನ್ನ ನೆಮ್ಮದಿಗೆ ಕಲ್ಲು ಬಿತ್ತು. ಬೆಳಿಗ್ಗೆ ಓಣಿಯ ತುದಿಯಲ್ಲಿ ಸೀಟಿ ಕೇಳುತ್ತಿತ್ತು.

"ಬೀಗರ, ಏಳ್ರಿ. ಆಧಾರ್ ಕಾರ್ಡ್ ತಗೊಳ್ರಿ. ಕುರುಗೋಡಿಗೆ ಹೋಗೂಣು."

"ನನ್ನ ಮಂಡಿ ನೋವು ಐತ್ರಿ."

"ನಿಂತ್ರ ಮಂಡಿ ಹಿಡೀತೈತಿ. ನಡದ್ರ ಬಿಡತೈತಿ. ನಾನು ಸರ್ವೀಸಿಂದ ರಿಟೈರ್ ಆಗೀನಿ, ಕಾಲಿಂದ ಅಲ್ಲ."

ಹೆಣ್ಣು ಕೊಟ್ಟವರು ಇಲ್ಲ ಅನ್ನುವ ಹಾಗಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದೆ. ಕೋಟೆ ಗುಡ್ಡದ ಮೆಟ್ಟಿಲು, ಕೊಳಗಲ್ಲಿನ ಹೊಲದ ದಾರಿ, ಕುರುಗೋಡಿನ ದೊಡ್ಡ ಬಸವಣ್ಣ, ಅದರ ಹಿಂದಿನ ಗುಡ್ಡ. ನಮ್ಮೂರಿನ ಹೆಸರನ್ನು ಹೊತ್ತು ಮೆರೆಯುವ ಗಿಡ ಅಂದರೆ ಬಳ್ಳಾರಿ ಜಾಲಿ ಒಂದೇ. ಅದರ ಮುಳ್ಳು ನನ್ನ ಚಪ್ಪಲಿ ದಾಟಿ ಅಂಗಾಲಿಗೆ ಬರುತ್ತಿತ್ತು. ಅವರು ಮುಂದೆ ಮುಂದೆ ಬೂಟಿನಲ್ಲಿ ಟಪಟಪ ನಡೆಯುವುದು, ನಾನು ಹಿಂದೆ ಕುಂಟುವುದು, ಬಹಳ ಹಿಂದಾದರೆ ಸೀಟಿ. ಒಮ್ಮೆ ಕೊಳಗಲ್ಲಿನ ದಾರಿಯಲ್ಲಿ ಆ ಸೀಟಿ ಕೇಳಿ ಕುರಿ ಕಾಯುವವನೊಬ್ಬ ತನ್ನ ಕುರಿಗಳನ್ನು ಬಿಟ್ಟು ನನ್ನನ್ನೇ ನೋಡಿ ನಕ್ಕ. ಕಂಡ ಕಂಡ ಬಂಡೆಗೂ ಅವರ ಬಳಿ ಒಂದು ನೆನಪು. ಈ ಬಂಡೆಯ ಮೇಲೆ ಒಂಬತ್ತನೇ ಕ್ಲಾಸಿನ ಹುಡುಗಿಯರನ್ನು ಹತ್ತಿಸಿದ್ದು, ಆ ಹುಣಸೆ ಮರದ ಕೆಳಗೆ ಒಬ್ಬಳು ತಲೆ ತಿರುಗಿ ಬಿದ್ದದ್ದು. ಬಿದ್ದವಳನ್ನು ಎತ್ತಿ ಇನ್ನೊಂದು ಸುತ್ತು ಓಡಿಸಿದ್ದನ್ನು ಹೇಳಿ ತಾವೇ ನಗುತ್ತಿದ್ದರು. ನನಗೆ ಆ ಹುಡುಗಿಯ ಮೇಲೆ ಕನಿಕರ ಬರುತ್ತಿತ್ತು.

ಹೊತ್ತು ಏರಿದ ಮೇಲೆ ನೆರಳು ನೋಡಿ ಬುತ್ತಿ ಬಿಚ್ಚುತ್ತಿದ್ದರು. ಬಟ್ಟೆಯಲ್ಲಿ ಸುತ್ತಿದ ತೆಳ್ಳನೆಯ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಒಗ್ಗರಣೆ ಹಾಕಿದ ಮೊಸರನ್ನ. ಮೊದಲ ಸಲ ಚಪ್ಪರಿಸಿಕೊಂಡು ಉಂಡೆ. ಎರಡನೆಯ ಸಲ ರೊಟ್ಟಿ ಮುರಿಯುವಾಗ ತಲೆಗೆ ಹೊಳೆಯಿತು, ಇದು ಯಾರ ಕೈಯ ರೊಟ್ಟಿ ಅಂತ. ಇಬ್ಬರು ಮುದುಕಿಯರು ಗುಡ್ಡ ಸುತ್ತಲಿ ಅಂತ ನನ್ನ ಮಗಳು ಬೆಳಕು ಹರಿಯುವ ಮೊದಲೇ ಎದ್ದು ರೊಟ್ಟಿ ಬಡಿಯುತ್ತಿದ್ದಳು. ನಾವು ಗಾಳಿ ಕುಡಿಯುವಾಗ ಅವಳು ಮೂರು ವರ್ಷದ ಮಗಳನ್ನು ಸೊಂಟದಲ್ಲಿ ಇಟ್ಟುಕೊಂಡು ನಲ್ಲಿ ನೀರಿಗೆ ಕಾಯುತ್ತಿದ್ದಳು. ಆಮೇಲೆ ಆ ಎಣ್ಣೆಗಾಯಿಯನ್ನು ಅವರ ಕಡೆಗೇ ಸರಿಸಿಬಿಟ್ಟೆ.

ಮರು ಬೇಸಿಗೆಯಲ್ಲಿ ಮಗಳಿಗೆ ಸಿರುಗುಪ್ಪದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಕೆಲಸ ಸಿಕ್ಕಿತು. ಬಿ.ಎಡ್. ಮಾಡಿ, ಮದುವೆಯಾಗಿ, ಬಾಣಂತನ ಮುಗಿಸಿ ಕಾದಿದ್ದ ಹುಡುಗಿ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಮನೆ. ಶಾಲೆ ಶುರುವಾಗುವುದರೊಳಗೆ ಬರುತ್ತೇನೋ ಇಲ್ಲವೋ ಅಂತ ಹೇಳಬೇಕಿತ್ತು. ಅಳಿಯ ಜೀನ್ಸ್ ಹೊಲಿಯುವ ಘಟಕದಲ್ಲಿ ಸೂಪರ್‌ವೈಸರ್, ಅಲ್ಲಿ ಜೋರು ಮಾಡುತ್ತಾನಂತೆ. ತಾಯಿಯ ಮುಂದೆ ಬಾಯಿ ಇಲ್ಲ. "ಅವ್ವಾ, ನಮ್ಮತ್ತಿನ್ನ ನೀನ ಒಂದ್ಸಲ ಕೇಳಬೇ," ಅಂದಳು ಮಗಳು. ಹಾಗಾಗಿ ಆಮೇಲಿನ ಅಡ್ಡಾಟಕ್ಕೆಲ್ಲ ನಾನು ಗುಡ್ಡ ನೋಡಲು ಹೋಗಲಿಲ್ಲ, ಮಗಳ ನೌಕರಿ ಕೇಳಲು ಹೋದೆ.

ಕುರುಗೋಡಿನ ಗುಡ್ಡದ ಅರ್ಧದಲ್ಲಿ ಕೇಳಿದೆ. ಅವರು ಬೂಟಿನ ಲೇಸು ಬಿಗಿಯುತ್ತಿದ್ದರು.

"ಆಕಿ ಹೋದ್ರ ಕೂಸಿನ್ನ ಯಾರು ನೋಡ್ಬೇಕು?"

"ನಮ್ಮ ಮನಿಗೆ ಕಳಸ್ರಿ. ನಾ ನೋಡ್ತೀನಿ."

"ನಮ್ಮ ಮನಿ ಕೂಸು ಬೀಗರ ಮನ್ಯಾಗ ಬೆಳೀತೈತೇನು? ಮಂದಿ ಏನಂದಾರು?"

"ಹಂಗಾರ ನೀವು ನೋಡ್ರಿ. ನೀವೂ ನೌಕರಿ ಮಾಡಿದೋರು. ನಿಮಗ ತಿಳೀಬೇಕು."

ಅದಕ್ಕೆ ಅವರು ಲೇಸು ಬಿಟ್ಟು ನನ್ನ ಮುಖ ನೋಡಿದರು. "ತಿಳದದ ಐತಿ. ನನ್ನ ಅತ್ತಿ ನನ್ನ ಮಗನ್ನ ಒಂದು ದಿನ ಎತ್ತಿಕೊಳ್ಳಲಿಲ್ಲ. ಸಾಲಿ ಸಾಮಾನಿನ ಕ್ವಾಣ್ಯಾಗ ಜೋಳಿಗಿ ಕಟ್ಟಿ ಮಲಗಿಸಿ, ಹೊರಗ ಸೀಟಿ ಊದೀನಿ. ಅಂವ ಅಳೋದು ಕೇಳಬಾರದು ಅಂತ ಜೋರಾಗಿ ಊದೀನಿ. ಹುಡುಗ್ಯಾರನ್ನ ಟ್ರಿಪ್ಪಿಗೆ ಕರಕೊಂಡು ಬಂದಾಗೂ ತಲಿ ಎಣಿಸೋದ ಆತು, ಗುಡ್ಡ ನೋಡ್ಲಿಲ್ಲ. ಈಗ ನನ್ನ ಪಾಳಿ."

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರ."

"ಸೊಸಿ ಕಾಲ ಪೂರಾ ನೋಡೀನಿ. ಅತ್ತಿ ಕಾಲ ಈಗರ ಬಂದೈತಿ. ಅರ್ಧಕ್ಕ ಬಿಟ್ಟುಕೊಡು ಅಂತೀರಲ್ಲ?"

ಮಾತಿನಲ್ಲಿ ಹುರುಳಿತ್ತು. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು. ಸುಳ್ಳು ಹೇಳುವವರ ಜೊತೆ ಜಗಳ ಸುಲಭ. ನಿಮ್ಮ ಅತ್ತೆಯ ಮೇಲಿನ ಸೇಡನ್ನು ನನ್ನ ಮಗಳ ತಲೆಗೆ ಕಟ್ಟುತ್ತಿದ್ದೀರಿ ಅಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ಬದಲಿಗೆ ಖುಷಿಯಾದರು. ನನ್ನ ಬೆನ್ನಿಗೆ ಒಂದು ಗುದ್ದಿ ತೆಲುಗಿನಲ್ಲಿ ಅಂದರು, "ವಿಯ್ಯಾನಿಕೈನಾ ಕಯ್ಯಾನಿಕೈನಾ ಸಮವುಜ್ಜಿ ಉಂಡಾಲಿ." ಬೀಗತನಕ್ಕಾಗಲಿ ಜಗಳಕ್ಕಾಗಲಿ ಸರಿಸಮಾನರು ಬೇಕು ಅಂತ. ಊರಲ್ಲಿ ಅವರಿಗೆ ಗೆಳತಿಯರು ಬೇಕಾದಷ್ಟು ಇದ್ದರು. ಎಲ್ಲರೂ ಹೂಂ ಅನ್ನುವವರು. ನನ್ನನ್ನೇ ಏಕೆ ಎಳೆದುಕೊಂಡು ಹೋಗುತ್ತಿದ್ದರು ಅಂತ ಅವತ್ತು ಗೊತ್ತಾಯಿತು.

ಮೇ ಮುಗಿಯುತ್ತಾ ಬಂದಿತ್ತು. ಮುಂದಿನ ಸಲ ಎಲ್ಲಿಗೆ ಅಂದಾಗ ನಾನೇ ಸಿರುಗುಪ್ಪ ಅಂದೆ. ಅದು ಅವರ ತವರೂರು, ಕೇಳಿದ ಕೂಡಲೇ ಒಪ್ಪಿದರು. ಬಸ್‌ಸ್ಟ್ಯಾಂಡಿನ ಪಕ್ಕ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಬಸ್ಸು ಹತ್ತಿದೆವು. ಕಾಲುವೆ, ಕಟಾವಾದ ಗದ್ದೆ, ರೈಸ್‌ಮಿಲ್ಲುಗಳ ದೂಳು. ಇಳಿದ ಮೇಲೆ ನಾನು ಬೇಕಂತಲೇ ಆಟೋದವನಿಗೆ ಆ ಹೈಸ್ಕೂಲಿನ ಮುಂದೆ ಹಾಯ್ದು ಹೋಗು ಅಂದೆ. ಗೇಟಿನ ಮುಂದೆ ನಿಲ್ಲಿಸಿದ.

"ಇದ ನೋಡ್ರಿ, ನಿಮ್ಮ ಸೊಸಿ ಸಾಲಿ."

ಅವರು ಕತ್ತು ಹೊರಗೆ ಹಾಕಿ ನೋಡಿದರು. "ಗ್ರೌಂಡ್ ಸಣ್ಣದೈತಿ," ಅಂದರು. "ನಡಿಯಪ್ಪಾ."

ಊರಾಚೆಯ ಹೊಳೆಯಲ್ಲಿ ನೀರು ಇಳಿದು ಅಲ್ಲಲ್ಲಿ ಬಂಡೆ ಎದ್ದಿದ್ದವು. ಅವರು ಬೂಟು ಬಿಚ್ಚಿ ದಡದಲ್ಲಿ ಜೋಡಿಸಿಟ್ಟು ನೀರಿಗೆ ಇಳಿದರು. ಆ ಪಾದಗಳನ್ನು ನಾನು ನೋಡಿದ್ದು ಅವತ್ತೇ ಮೊದಲು. ಹೆಬ್ಬೆರಳು ಸೊಟ್ಟ, ಉಗುರು ಕಪ್ಪು, ಹಿಮ್ಮಡಿಯಲ್ಲಿ ಬೆರಳು ಹೋಗುವಷ್ಟು ಬಿರುಕು. ಚಿಕ್ಕವರಿದ್ದಾಗ ಒಣಗಿದ ಸೋರೆಬುರುಡೆ ಬೆನ್ನಿಗೆ ಕಟ್ಟಿಕೊಂಡು ಇಲ್ಲೇ ಈಜು ಕಲಿತರಂತೆ. ಮದುವೆಯಾದ ಮೇಲೆ ಒಮ್ಮೆಯೂ ಇಳಿದಿರಲಿಲ್ಲವಂತೆ. "ಬರ್ರಿ ಬೀಗರ, ನೀರು ತಣ್ಣಗೈತಿ," ಅಂದರು. ಆ ದನಿ ಅಷ್ಟು ಹಗುರವಾಗಿತ್ತು ಅಂದರೆ ನಾನು ಕರಗಿಬಿಡಬಹುದು ಅಂತ ನನಗೇ ಭಯವಾಯಿತು. ಬೇವಿನ ಮರದ ಕೆಳಗೆ ಬೆನ್ನು ತಿರುಗಿಸಿ ಕೂತೆ.

ಅವರು ಬಂದು ಸೀರೆ ಹಿಂಡಿ, ಬುತ್ತಿ ಬಿಚ್ಚಿ, ನನ್ನ ಮುಂದೆ ಎರಡು ರೊಟ್ಟಿ ಇಟ್ಟರು.

"ನಾ ಉಣ್ಣಂಗಿಲ್ಲ," ಅಂದೆ.

"ಯಾಕ, ಉಪಾಸೇನು?"

"ಮುನಿಸು."

ಅವರಿಗೆ ತಿಳಿಯಲಿಲ್ಲ. ನಿಜವಾಗಿ ತಿಳಿಯಲಿಲ್ಲ. "ನೀವು ಹೆಣ್ಣಿನ ಕಡೆಯೋರು," ಅಂದರು.

"ಹೌದು."

"ಹೆಣ್ಣಿನ ಕಡೆಯೋರು ಮುನಿಸಿಕೊಳ್ಳೋ ಪದ್ಧತಿ ಎಲ್ಲೈತ್ರಿ?"

"ಇವತ್ತಿಂದ ಐತಿ. ನನ್ನ ಮಗಳು ಈ ಊರಿನ ಬಸ್ ಹತ್ತೋತನಕ ನಿಮ್ಮ ಮನಿ ಬುತ್ತಿ ನಾ ಮುಟ್ಟಂಗಿಲ್ಲ. ನಿಮ್ಮ ಜೋಡಿ ಒಂದು ಹೆಜ್ಜಿ ಬರಂಗಿಲ್ಲ."

ಸಮಾಧಾನ ಮಾಡುತ್ತಾರೆ, ಕಡೇಪಕ್ಷ ಬೈಯುತ್ತಾರೆ ಅಂತ ಕಾದೆ. ಅವರು ತಮ್ಮ ರೊಟ್ಟಿ ಉಂಡರು. ಆಮೇಲೆ ಕೈ ಚಾಚಿ ನನ್ನ ರೊಟ್ಟಿಯನ್ನೂ ತೆಗೆದುಕೊಂಡು ಉಂಡರು. ಎಣ್ಣೆಗಾಯಿ ಬಳಿದು, ಮೊಸರನ್ನದ ಡಬ್ಬಿಗೆ ಹೊಳೆಯ ನೀರು ಹಾಕಿ ತೊಳೆದರು. "ಅನ್ನದ ಮ್ಯಾಲ ನನಗೇನು ಸಿಟ್ಟಿಲ್ಲ," ಅಂದು ಸೆರಗಿನಲ್ಲಿ ಬಾಯಿ ಒರೆಸಿಕೊಂಡರು. ಬೀಗರನ್ನು ಹಸಿದಿರಿಸಿ ಎದುರಿಗೆ ಕೂತು ಉಣ್ಣುವುದು ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬಸ್ಸಿನಲ್ಲಿ ಬಳ್ಳಾರಿಯವರೆಗೆ ಇಬ್ಬರೂ ಒಂದೇ ಸೀಟಿನಲ್ಲಿ, ನಡುವೆ ಖಾಲಿ ಡಬ್ಬಿ ಇಟ್ಟುಕೊಂಡು ಬಂದೆವು.

ಅವರ ಮನೆ ಬಾಗಿಲಲ್ಲಿ ಮಗಳು ಡಬ್ಬಿ ಇಸಿದುಕೊಂಡು, "ಸಾಕಾತೇನವ್ವ ಬುತ್ತಿ?" ಅಂದಳು. ನಾನು ಬಾಯಿ ತೆರೆಯುವ ಮೊದಲೇ ಅವರು, "ನಿಮ್ಮವ್ವ ಬೆರಳು ಚೀಪಿ ಉಂಡ್ಳು," ಅಂದರು. ಮಗಳ ಮುಖ ಅರಳಿತು. ಅದನ್ನು ಬಾಡಿಸಲು ಮನಸ್ಸಾಗದೆ ಹೂಂ ಅಂದೆ. ಹೊಟ್ಟೆ ಚುರ್ ಅನ್ನುತ್ತಿತ್ತು. ಆಟೋದಲ್ಲಿ ಮನೆಗೆ ಬರುವಾಗ ಅವರನ್ನು ನನಗೆ ಗೊತ್ತಿದ್ದ ಎರಡೂ ಭಾಷೆಯಲ್ಲಿ ಬೈದೆ.

ಆಮೇಲೆ ಓಣಿಯ ತುದಿಯಲ್ಲಿ ಸೀಟಿ ಕೇಳಿದರೂ ನಾನು ಬಾಗಿಲು ತೆಗೆಯಲಿಲ್ಲ. ಮತ್ತೆ ಕೇಳಿತು, ತೆಗೆಯಲಿಲ್ಲ. ಸುದ್ದಿ ನೆಂಟರಿಷ್ಟರ ಕಿವಿಗೆ ಬಿದ್ದು ದೊಡ್ಡ ತಮಾಷೆಯಾಯಿತು. ಹೆಣ್ಣಿನ ಕಡೆಯವರು ಮುನಿಸಿಕೊಂಡಿದ್ದಾರಂತೆ, ಕಲಿಗಾಲ ಅಂದರು. ನನ್ನ ತಂಗಿ ಫೋನು ಮಾಡಿ, "ಮಗಳ ಬಾಳು ನಿನ್ನ ಹಟಕ್ಕ ಹಾಳಾಗತೈತಿ, ಹೋಗಿ ಕಾಲು ಹಿಡಿ," ಅಂದಳು. ನನಗೂ ಹೆದರಿಕೆ ಇತ್ತು. ಮಗಳನ್ನು ಆ ಮನೆಯಲ್ಲಿ ಏನಾದರೂ ಅಂದರೆ? ಆದರೆ ಮಗಳೇ ಹೇಳಿದಳು, ಅತ್ತೆ ಏನೂ ಅನ್ನುವುದಿಲ್ಲ, ಬೂಟು ಹಾಕಿಕೊಂಡು ಅಂಗಳದಲ್ಲಿ ಸುತ್ತು ಹಾಕುತ್ತಾರೆ, ಒಬ್ಬರೇ ಎಲ್ಲಿಗೂ ಹೋಗುವುದಿಲ್ಲ ಅಂತ. ಅದನ್ನು ಕೇಳಿ ನಾನು ಇನ್ನೂ ಗಟ್ಟಿಯಾದೆ.

ಶಾಲೆ ಶುರುವಾಗುವ ವಾರ ಬಂದರು. ಸೀಟಿ ಇಲ್ಲ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಕುಬಸದ ಖಣ, ತೆಂಗಿನಕಾಯಿ. ನಮ್ಮ ಕಟ್ಟೆಯ ಮೇಲೆ ಅದನ್ನು ಠಣ್ ಅಂತ ಕುಕ್ಕಿದರು.

"ತಗೊಳ್ರಿ. ತಪ್ಪಾತು ಅಂತ ಮಾತ್ರ ನಾ ಅನ್ನಂಗಿಲ್ಲ."

"ಶಾಸ್ತ್ರದಾಗ ಅದೂ ಐತ್ರಿ," ಅಂದೆ.

ಎದುರುಮನೆಯವರು ಬಾಗಿಲಿಗೆ ಬಂದು ನಿಂತಿದ್ದರು. ಬೀಗಿತ್ತಿ ನನ್ನನ್ನು ನೋಡದೆ ಗೋಡೆ ನೋಡಿಕೊಂಡು ಹೇಳಿದರು, "ಆತು. ತಪ್ಪಾತು. ಸೋಮವಾರದಿಂದ ಹೋಗ್ಲಿ ಆಕಿ. ಕೂಸಿನ್ನ ನಾ ನೋಡ್ತೀನಿ. ನಿಮ್ಮ ಮನಿಗೆ ಮಾತ್ರ ಕಳಸಂಗಿಲ್ಲ. ಈಗ ನನ್ನ ಮುಂದ ಕುಂತು ಉಣ್ರಿ."

ಒಳಗೆ ಹೋಗಿ ಬೆಳಗಿನ ಚಿತ್ರಾನ್ನ ಹಾಕಿಕೊಂಡು ಬಂದು ಅವರ ಮುಂದೆ ಕೂತು ಉಂಡೆ. ಖಣದ ಬಣ್ಣ ನೋಡಲಿಲ್ಲ, ಕಾಯಿ ಅಲ್ಲಾಡಿಸಲಿಲ್ಲ. ಅಷ್ಟು ಕೆಟ್ಟವಳಲ್ಲ ನಾನು. ಆದರೆ ಛತ್ರದ ಮೆಟ್ಟಿಲ ಮೇಲೆ ನಿಂತಿದ್ದ ನನ್ನ ಯಜಮಾನರು ಇದನ್ನು ನೋಡಬೇಕಿತ್ತು ಅನ್ನಿಸಿತು.

ಮಗಳು ಸಿರುಗುಪ್ಪದ ಬಸ್ಸು ಹತ್ತಿದಳು. ಬೀಗಿತ್ತಿ ಮನೆಯಲ್ಲಿ ಉಳಿದರು. ಸೋತವರ ಹಾಗೆ ತಣ್ಣಗೆ ಉಳಿದರು ಅಂದುಕೊಳ್ಳಬೇಡಿ. ನಾನು ಹೋದಾಗಲೆಲ್ಲ ಚುಚ್ಚುತ್ತಿದ್ದರು. ಮಂಚದ ಕೆಳಗಿದ್ದ ಬೂಟು ತೋರಿಸಿ, "ನೋಡ್ರಿ, ನಿಮ್ಮ ಮಗಳ ನೌಕರಿ ಸಲುವಾಗಿ ಇಲಿ ತಿನ್ನಾಕ ಹತ್ಯಾವು," ಅನ್ನುತ್ತಿದ್ದರು. ಮೊಮ್ಮಗಳನ್ನು ಅಂಗಳದಲ್ಲಿ ಎಡಗಾಲು ಬಲಗಾಲು ಅಂತ ಕವಾಯತು ಮಾಡಿಸುತ್ತಿದ್ದರು. ಊಟ ಮಾಡಲು ಸೀಟಿ, ಮಲಗಲು ಸೀಟಿ. ಮಗು ಅವರನ್ನು ಬಿಟ್ಟು ನನ್ನ ಹತ್ತಿರ ಬರುತ್ತಲೇ ಇರಲಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು.

ಭಾನುವಾರ ಸೊಸೆಗೆ ರಜೆ, ಅವತ್ತು ಹೋಗಬಹುದಲ್ಲ ಅಂದೆ. ಒಂದೇ ಭಾನುವಾರ ಕುರುಗೋಡಿಗೆ ಬಂದರು. ಕಾರುಗಳು, ಸೆಲ್ಫಿ, ಚೀಪಿ ಬಿಸಾಡಿದ ಐಸ್‌ಕ್ರೀಮ್ ಕಡ್ಡಿ. ಗುಡ್ಡದ ಅರ್ಧಕ್ಕೆ ಉಸಿರು ಹಿಡಿದು ಕೂತರು. ಅವರು ದಣಿದು ಕೂತದ್ದನ್ನು ನಾನು ಅಲ್ಲಿವರೆಗೆ ನೋಡಿರಲಿಲ್ಲ. "ಇದು ಅಡ್ಡಾಟ ಅಲ್ಲ, ಸಂತಿ," ಅಂದು ಇಳಿದುಬಿಟ್ಟರು. ಮತ್ತೆ ಹೊರಡಲಿಲ್ಲ. ಸಂತೆಯ ನೆಪ ಹೇಳಿದರು, ಉಸಿರಿನ ಮಾತು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಕೇಳಿದ್ದರೆ ಬೈಸಿಕೊಳ್ಳುತ್ತಿದ್ದೆ.

ಅವರ ಎದೆ ದುರ್ಬಲವಾಗಿದೆ ಅಂತ ಡಾಕ್ಟರು ಹೇಳಿದ್ದು ಆಮೇಲಿನ ಮಾರ್ಚಿನಲ್ಲಿ. ಆಸ್ಪತ್ರೆಗೆ ಸೇರಿಸಿದರು. ಅಳಿಯ ಸಂಜೆ ಬರುತ್ತಿದ್ದ. ಹಗಲಿಗೆ ಯಾರು? ಮಗಳು ರಜೆ ಹಾಕುತ್ತೇನೆ ಅಂದಳು. ಮಲಗಿದ್ದವರು ಮುಖದ ಮೇಲಿನ ಆಕ್ಸಿಜನ್ ಮಾಸ್ಕ್ ಸರಿಸಿ ಗದರಿದರು.

"ಹತ್ತನೇ ಕ್ಲಾಸಿನ ಪರೀಕ್ಷಿ ಬಂದೈತಿ. ಮಕ್ಕಳನ್ನ ನಡುವ ಬಿಟ್ಟು ಬರೋ ಟೀಚರ್ ನನ್ನ ಸೊಸಿ ಆಗಂಗಿಲ್ಲ. ಹೋಗು, ಬಸ್ ಹೊಂಟು ಹೋಗತೈತಿ."

ಮಗಳು ಅಳುತ್ತಾ ಹೋದಳು. ಮಗುವನ್ನು ಪಕ್ಕದ ಮನೆಯವರು ಇಟ್ಟುಕೊಂಡರು. ಹಗಲು ಆಸ್ಪತ್ರೆಯಲ್ಲಿ ಉಳಿದದ್ದು ನಾನು. ಗಂಜಿ ಕುಡಿಸಿದರೆ ಉಪ್ಪಿಲ್ಲ ಅನ್ನುತ್ತಿದ್ದರು, ಉಪ್ಪು ಹಾಕಬಾರದು ಅಂದರೆ ನಿಮ್ಮ ಮನೆಯ ಅಡಿಗೆಯೇ ಅಷ್ಟು ಅನ್ನುತ್ತಿದ್ದರು. ಕಿಟಕಿಯ ಆಚೆ ಕೋಟೆ ಗುಡ್ಡ ಕಾಣುತ್ತಿತ್ತು. ಪರದೆ ಸರಿಸಲೇ ಅಂದರೆ ಬೇಡ ಅಂದರು. ಕೊನೆಯ ದಿನ ಬೆಳಿಗ್ಗೆ ಬಹಳ ಹೊತ್ತು ನನ್ನನ್ನೇ ನೋಡುತ್ತಿದ್ದರು. ಏನಾದರೂ ಬೇಕೇನ್ರಿ ಅಂದೆ.

"ಗೆದ್ದ್ರಲ್ಲ," ಅಂದರು. "ಕುಂದರ್ರಿ ಈಗ."

ಆಮೇಲೆ ಗೋಡೆಯ ಕಡೆ ಹೊರಳಿದರು. ಮಧ್ಯಾಹ್ನ ಹೋದರು. ನನ್ನ ಮಗಳು ಆ ಹೊತ್ತಿಗೆ ಸಿರುಗುಪ್ಪದಲ್ಲಿ ಹುಡುಗರಿಗೆ ಪಾಠ ತಿರುವಿ ಹಾಕಿಸುತ್ತಿದ್ದಳು. ಅಳಿಯ ಬರುವವರೆಗೆ ನಾನೊಬ್ಬಳೇ. ಕೈ ಹಿಡಿದುಕೊಂಡು ಕೂತಿದ್ದೆ ಅಂತ ಬರೆದರೆ ಸುಳ್ಳಾಗುತ್ತದೆ. ಸೀರೆ ಮೇಲಕ್ಕೆ ಸರಿದು ಆ ಸೊಟ್ಟ ಪಾದಗಳು ಕಾಣುತ್ತಿದ್ದವು, ಎಳೆದು ಮುಚ್ಚಿದೆ. ಅವರ ಜೊತೆ ಆಡಬೇಕಾಗಿದ್ದ ಜಗಳ ಇನ್ನೂ ಎಷ್ಟೋ ಬಾಕಿ ಇತ್ತು. ನರ್ಸಮ್ಮ ಬಂದು, "ನಿಮಗ ಏನಾಗಬೇಕ್ರಿ ಇವರು?" ಅಂತ ಕೇಳಿದಳು. ಬೀಗರು ಅಂದೆ. ಅಷ್ಟು ಅಳುತ್ತಿರುವುದು ಬೀಗರಿಗಾ ಅನ್ನುವ ಹಾಗೆ ನೋಡಿದಳು.

ಈಗ ದಿನಾ ಬೆಳಿಗ್ಗೆ ನಾನೇ ಆ ಮನೆಗೆ ಹೋಗುತ್ತೇನೆ. ಮಗಳು ಬಸ್ಸಿಗೆ ಓಡುತ್ತಾಳೆ, ಮಗುವಿನ ಜೊತೆ ನಾನು ಉಳಿಯುತ್ತೇನೆ. ಹೊರಗೆ ಹೋಗುವ ಹಾಗಿಲ್ಲ. ಗುಡ್ಡ ಹತ್ತಬೇಕು ಅಂತ ಜೀವ ಒದ್ದಾಡುತ್ತದೆ, ನನಗೆ, ಮಂಡಿ ನೋವಿನವಳಿಗೆ. ನನ್ನ ಮಗಳ ನೌಕರಿ ಅವರ ಕಾಲಿನ ಋಣ. ಅದು ನನಗೆ ಚೆನ್ನಾಗಿ ಗೊತ್ತು. ನನಗೆ ಗೊತ್ತಿದೆ ಅಂತ ಅವರಿಗೂ ಗೊತ್ತಿತ್ತು. ಒಂದು ಮಾತು ತಿರುಗಿ ಹೇಳಲು ಬಿಡದೆ, ಇಷ್ಟು ದೊಡ್ಡ ಋಣ ಹೊರಿಸಿ ಎದ್ದು ನಡೆದರಲ್ಲ, ಅದಕ್ಕೆ ನನಗೆ ಅವರ ಮೇಲೆ ಇವತ್ತಿಗೂ ಸಿಟ್ಟು.